ಕೆಲಸ ಯಾರದು? ಗಿಟ್ ಹೇಳುತ್ತದೆ!

ಅಂತಿಮ ವರ್ಷದ ಪ್ರಾಜೆಕ್ಟ್ ಮಾಡುವವರ ಪೆನ್‌ಡ್ರೈವ್ ತೆರೆದು ನೋಡಿ. 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಎಂಬ ಫೋಲ್ಡರ್‌ಗಳ ಸಾಲೇ ಇರುತ್ತದೆ. ಅವುಗಳಲ್ಲಿ ಸರಿಯಾಗಿ ಓಡುವುದು ಯಾವುದೆಂದು ಎಷ್ಟೋ ಸಲ ಮಾಡಿದವರಿಗೇ ಗೊತ್ತಿರುವುದಿಲ್ಲ.

ಈ ಗೊಂದಲಕ್ಕೆ ಮದ್ದು ವರ್ಷನ್ ಕಂಟ್ರೋಲ್. ಅದರಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಕ್ಸ್ ಕರ್ನಲ್ ತಂಡಕ್ಕೆ ಉಚಿತವಾಗಿ ಸಿಗುತ್ತಿದ್ದ ಬಿಟ್‌ಕೀಪರ್ ತಂತ್ರಾಂಶ 2005ರಲ್ಲಿ ಕೈತಪ್ಪಿದಾಗ, ಲಿನಸ್ ಟೊರ್ವಾಲ್ಡ್ಸ್ ಅದೇ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕುಳಿತರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಷ್ಟು ಅದು ಸಿದ್ಧವಾಗಿತ್ತು.

ಪ್ರತಿ ಕಮಿಟ್ ಆ ಹೊತ್ತಿನ ಇಡೀ ಪ್ರಾಜೆಕ್ಟ್ ಹೇಗಿತ್ತೆಂದು ಹಿಡಿದಿಡುತ್ತದೆ. ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದೂ ಜೊತೆಗಿರುತ್ತದೆ. ಹೊಸ ಪ್ರಯೋಗಕ್ಕೆ ಬ್ರಾಂಚ್ ಮಾಡಿಕೊಂಡು, ಸರಿಬಂದರೆ ಮರ್ಜ್ ಮಾಡಬಹುದು. ಸಾವಿರ ಕಮಿಟ್‌ಗಳ ನಡುವೆ ದೋಷ ಎಲ್ಲಿ ಹೊಕ್ಕಿತೆಂದು 'ಗಿಟ್ ಬೈಸೆಕ್ಟ್' ಸುಮಾರು ಹತ್ತೇ ಪರೀಕ್ಷೆಗಳಲ್ಲಿ ಹುಡುಕಿಕೊಡುತ್ತದೆ. ಪೂರ್ಣ ಇತಿಹಾಸ ನಿಮ್ಮ ಕಂಪ್ಯೂಟರ್‌ನಲ್ಲೇ ಇರುವುದರಿಂದ ಕಮಿಟ್ ಮಾಡಲು ಇಂಟರ್ನೆಟ್ ಬೇಕಿಲ್ಲ.

ಆದರೆ ನನಗೆ ಗಿಟ್‌ನ ಬೆಲೆ ತಿಳಿದದ್ದು ವೈವಾ ದಿನ. ನಮ್ಮ ತಂಡದಲ್ಲಿ ನಾಲ್ವರಿದ್ದೆವು. ಒಬ್ಬ ಗೆಳತಿಗೆ ಸ್ವಂತ ಲ್ಯಾಪ್‌ಟಾಪ್ ಇರಲಿಲ್ಲ. ಲ್ಯಾಬ್ ಬಾಗಿಲು ಹಾಕುವವರೆಗೂ ಕುಳಿತು ಡೇಟಾಬೇಸ್ ಭಾಗವನ್ನು ಪೂರ್ತಿ ಬರೆದವಳು ಅವಳೇ. ಮಾತು ಮಾತ್ರ ಕಡಿಮೆ. 'ಯಾರು ಏನು ಮಾಡಿದಿರಿ?' ಎಂದು ಪರೀಕ್ಷಕರು ಕೇಳಿದಾಗ, ಮಾತುಗಾರರ ಉತ್ತರವೇ ಮುಂದಾಯಿತು. ಅವಳು ಸುಮ್ಮನೆ ನಿಂತಿದ್ದಳು. ನಾನು ಗಿಟ್ ಲಾಗ್ ತೆರೆದು ತೋರಿಸಿದೆ. ಡೇಟಾಬೇಸ್‌ನ ಕಮಿಟ್‌ಗಳಲ್ಲೆಲ್ಲ ಅವಳದೇ ಹೆಸರು. ಆಮೇಲಿನ ಪ್ರಶ್ನೆಗಳು ಅವಳತ್ತ ತಿರುಗಿದವು. ಒಂದೊಂದಕ್ಕೂ ಬಿಡಿಸಿ ಉತ್ತರ ಹೇಳಿದಳು.

ಉದ್ಯೋಗ ಹುಡುಕುವವರಿಗೂ ಇದೇ ಮಾತು ಅನ್ವಯಿಸುತ್ತದೆ. 'ತಂಡದಲ್ಲಿ ಕೆಲಸ ಮಾಡಿದ್ದೇನೆ' ಎಂದು ರೆಸ್ಯೂಮೆಯಲ್ಲಿ ಯಾರು ಬೇಕಾದರೂ ಬರೆಯಬಹುದು. ತಿಂಗಳುಗಟ್ಟಲೆ ಸಣ್ಣ ಸಣ್ಣದಾಗಿ ಬೆಳೆದ ಕಮಿಟ್‌ಗಳು ಆ ಮಾತಿಗೆ ಆಧಾರ ಒದಗಿಸುತ್ತವೆ.

ಎರಡು ವಿಷಯ ನೆನಪಿಡಿ. ಲ್ಯಾಬ್ ಕಂಪ್ಯೂಟರ್ ಬಳಸುವವರು ಮೊದಲು ಗಿಟ್‌ನಲ್ಲಿ ತಮ್ಮ ಹೆಸರು, ಇಮೇಲ್ ಸರಿಪಡಿಸಿಕೊಳ್ಳಿ; ಇಲ್ಲದಿದ್ದರೆ ನಿಮ್ಮ ಶ್ರಮ ಹಿಂದೆ ಕುಳಿತಿದ್ದವರ ಹೆಸರಿಗೆ ದಾಖಲಾದೀತು. ಕಮಿಟ್ ಸಂದೇಶದಲ್ಲಿ 'ಬದಲಾವಣೆ' ಎಂದಷ್ಟೇ ಬರೆಯದೆ, 'ಖಾಲಿ ಪಾಸ್‌ವರ್ಡ್‌ಗೆ ಲಾಗಿನ್ ಆಗುತ್ತಿತ್ತು, ತಡೆಯಲಾಗಿದೆ' ಎಂದು ಬಿಡಿಸಿ ಬರೆಯಿರಿ. ಆರು ತಿಂಗಳ ನಂತರ ಆ ಸಾಲನ್ನು ಹುಡುಕಿಕೊಂಡು ಬರುವವರು ನೀವೇ ಆಗಿರಬಹುದು.