ವೇದಿಕೆಯ ಮೇಲೆ ಗಿಟಾರ್ ಊಳಿಡುವುದೇಕೆ?

ಬ್ಲೂಸ್ ಸಂಗೀತದ ದೊರೆ ಎನಿಸಿಕೊಂಡಿದ್ದ ಅಮೆರಿಕದ ಬಿ.ಬಿ. ಕಿಂಗ್ ತಮ್ಮ ಗಿಟಾರಿನ ಹೊಟ್ಟೆಗೆ ಬಟ್ಟೆ ತುರುಕಿ ನುಡಿಸುತ್ತಿದ್ದ ಕಾಲವೊಂದಿತ್ತು. ಆ ಗಿಟಾರಿನ ಮುಖದ ಮೇಲೆ ಪಿಟೀಲಿಗಿರುವಂಥ ಎರಡು ‘ಎಫ್’ ಆಕಾರದ ಕಿಂಡಿಗಳು. ಬಟ್ಟೆ ಒಳಗೆ ಹೋಗುತ್ತಿದ್ದುದು ಅವುಗಳ ಮೂಲಕವೇ. 1980ರಲ್ಲಿ ಗಿಬ್ಸನ್ ಕಂಪನಿ ಅವರ ನೆಚ್ಚಿನ ಗಿಟಾರ್ ‘ಲೂಸಿಲ್’ ಹೆಸರಿನಲ್ಲೇ ಒಂದು ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಕಿಂಡಿಗಳೇ ಇರಲಿಲ್ಲ. ನಾದಕ್ಕೆಂದು ಕೊರೆದ ಕಿಂಡಿಯನ್ನು ನಾದದ ಸಲುವಾಗಿಯೇ ಮುಚ್ಚಬೇಕಾಗಿ ಬಂದದ್ದು ಏಕೆ?

ಕಾರಣ ಫೀಡ್‌ಬ್ಯಾಕ್. ಸಭೆ ಸಮಾರಂಭಗಳಲ್ಲಿ ಮೈಕ್ ಇದ್ದಕ್ಕಿದ್ದಂತೆ ‘ಕುಂಯ್’ ಎಂದು ಕಿರುಚಿದಾಗ ನಾವೆಲ್ಲ ಕಿವಿ ಮುಚ್ಚಿಕೊಂಡವರೇ. ಗಿಟಾರಿನಲ್ಲಿ ಅದೇ ತೊಂದರೆ ಸಾಮಾನ್ಯವಾಗಿ ದಪ್ಪ ದನಿಯಲ್ಲಿ, ಊಳಿನಂತೆ ಬರುತ್ತದೆ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ಇದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಪೂರ್ತಿ ಟೊಳ್ಳಾದದ್ದು ಬೇಗ ಬಗ್ಗುತ್ತದೆ. ಎರಡರ ನಡುವೆ ನಿಂತಿರುವುದು ಸೆಮಿ ಹಾಲೊ, ಅಂದರೆ ಅರೆ ಟೊಳ್ಳು ಗಿಟಾರ್. ಅದರ ದನಿಗೆ ಮನಸೋತವರು ಅದರ ಊಳನ್ನು ಹದ್ದುಬಸ್ತಿನಲ್ಲಿಡುವುದನ್ನೂ ಕಲಿಯಬೇಕಾಗುತ್ತದೆ. ಊಳು ಹುಟ್ಟುವ ಬಗೆ ಗೊತ್ತಾದರೆ ಆ ಕಲಿಕೆ ಕಷ್ಟದ್ದಲ್ಲ.

ಶೇ 1ರ ಆಟ

ತಂತಿ ಮೀಟಿದಾಗ ಅದರ ಅಡಿಯಲ್ಲಿರುವ ಪಿಕಪ್ ಆ ಕಂಪನವನ್ನು ಸಣ್ಣ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರದ ತಂತಿ. ಆಂಪ್ಲಿಫೈಯರ್ ಆ ಸಂಕೇತವನ್ನು ದೊಡ್ಡದು ಮಾಡುತ್ತದೆ, ಸ್ಪೀಕರ್ ಗಾಳಿಯನ್ನು ಅಲುಗಿಸುತ್ತದೆ. ಆ ಗಾಳಿ ಕೇಳುಗರ ಕಿವಿಗೂ ಹೋಗುತ್ತದೆ, ಗಿಟಾರಿನ ತೆಳು ಹಲಗೆಗೂ ಬಡಿಯುತ್ತದೆ. ಹಲಗೆ ಅಲುಗಿದರೆ ತಂತಿಗಳನ್ನು ಹೊತ್ತ ಬ್ರಿಡ್ಜ್ ಅಲುಗುತ್ತದೆ, ಬ್ರಿಡ್ಜ್ ಅಲುಗಿದರೆ ತಂತಿ ಅಲುಗುತ್ತದೆ. ಅಲ್ಲಿಗೆ ಒಂದು ಸುತ್ತು ಪೂರ್ತಿಯಾಯಿತು. ಯಾರೂ ಮೀಟದೆಯೇ ತಂತಿ ಮತ್ತೆ ನುಡಿಯತೊಡಗಿತು.

ಇನ್ನೊಂದು ಸೂಕ್ಷ್ಮವಿದೆ. ಪಿಕಪ್ ಅಳೆಯುವುದು ತನಗೂ ತಂತಿಗೂ ನಡುವಿನ ಚಲನೆಯನ್ನು. ತಂತಿ ಸುಮ್ಮನಿದ್ದು, ಪಿಕಪ್ ಕೂತಿರುವ ಹಲಗೆ ಕುಣಿದರೂ ಅದಕ್ಕೆ ತಂತಿ ಕುಣಿದಂತೆಯೇ ಕಾಣುತ್ತದೆ. ಟೊಳ್ಳು ಗಿಟಾರಿನಲ್ಲಿ ಪಿಕಪ್ಪೂ ಬ್ರಿಡ್ಜೂ ಅದೇ ತೆಳು ಹಲಗೆಯ ಮೇಲೆ ಇರುವುದರಿಂದ ತೊಂದರೆ ಎರಡೂ ಕಡೆಯಿಂದ ಬರುತ್ತದೆ.

ಸುತ್ತು ಇದ್ದ ಮಾತ್ರಕ್ಕೆ ಊಳು ಹುಟ್ಟುವುದಿಲ್ಲ. ಅದಕ್ಕೆ ಎರಡು ಷರತ್ತುಗಳಿವೆ. ಜರ್ಮನಿಯ ಹೈನ್ರಿಕ್ ಬಾರ್ಕ್‌ಹೌಸನ್ ವಿದ್ಯುತ್ ಆಂದೋಲಕಗಳಿಗೆಂದು ಹೇಳಿದ ನಿಯಮವೇ ಇಲ್ಲಿಯೂ ನಡೆಯುತ್ತದೆ. ನಾಗರಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಜೀಕು ಏರಬೇಕಾದರೆ ಪ್ರತಿ ಸಲ ತಳ್ಳುವ ಬಲ, ಆ ಸಲ ನಷ್ಟವಾದ ಬಲಕ್ಕಿಂತ ಹೆಚ್ಚಿರಬೇಕು. ಜೊತೆಗೆ ಜೋಕಾಲಿ ಮುಂದೆ ಹೋಗುವ ಹೊತ್ತಿಗೇ ತಳ್ಳಬೇಕು. ಎದುರು ಬರುವಾಗ ತಳ್ಳಿದರೆ ಜೀಕು ನಿಂತುಹೋಗುತ್ತದೆ. ಗಿಟಾರಿನಲ್ಲೂ ಹಾಗೆಯೇ: ಒಂದು ಸುತ್ತು ಮುಗಿಸಿ ಬಂದ ಶಬ್ದ ಹೊರಟಾಗಿನಷ್ಟಾದರೂ ಇರಬೇಕು, ತಂತಿಯ ಓಲಾಟಕ್ಕೆ ತಾಳ ಕೂಡಿಸಿಯೇ ಬರಬೇಕು.

ಸ್ಪೀಕರ್ ಮೂರು ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುವ ಶಬ್ದ ಅಷ್ಟು ದೂರಕ್ಕೆ ತೆಗೆದುಕೊಳ್ಳುವುದು ಹೆಚ್ಚುಕಡಿಮೆ 9 ಮಿಲಿಸೆಕೆಂಡ್. ಬೇರೆ ವಿಳಂಬಗಳನ್ನೆಲ್ಲ ಬದಿಗಿಟ್ಟು ಸರಳವಾಗಿ ಲೆಕ್ಕ ಹಾಕಿದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು. ಪ್ರತಿ ಸುತ್ತಿಗೆ ಶೇ 1ರಷ್ಟು ಬೆಳೆದರೂ ಸೆಕೆಂಡಿನೊಳಗೆ ಶಬ್ದ ಸುಮಾರು ಮೂರು ಪಟ್ಟಾಗುತ್ತದೆ. ಶೇ 1ರಷ್ಟು ಕಡಿಮೆಯಾದರೆ ಅದೇ ಒಂದು ಸೆಕೆಂಡಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಊಳಿಗೂ ಮೌನಕ್ಕೂ ನಡುವೆ ಇರುವ ಅಂತರ ಇಷ್ಟು ತೆಳು. ಹಾಗಾಗಿ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ ಗಿಟಾರಿನ ಜೀವ ತೆಗೆಯಬೇಕಾಗಿಲ್ಲ. ಸುತ್ತಿನ ಯಾವುದಾದರೂ ಒಂದು ಕಡೆ, ಊಳು ಹುಟ್ಟಿದ ಆ ಒಂದು ಸ್ವರದಲ್ಲಿ, ಚೂರು ನಷ್ಟ ಮಾಡಿದರೆ ಸಾಕು. ಕೆಳಗೆ ಹೇಳುವ ಉಪಾಯಗಳೆಲ್ಲ ಇದರ ಬೇರೆ ಬೇರೆ ರೂಪಗಳೇ.

ನಡುವೆ ಒಂದು ಮರದ ದಿಮ್ಮಿ

ಗಿಬ್ಸನ್ ಕಂಪನಿ 1936ರಲ್ಲಿ ಹೊರತಂದ ಇಎಸ್-150 ಟೊಳ್ಳು ಗಿಟಾರಿಗೆ ಪಿಕಪ್ ಕೂಡಿಸಿದ ವಾದ್ಯ. ಬೆನ್ನಿ ಗುಡ್‌ಮನ್ ತಂಡದಲ್ಲಿ ಚಾರ್ಲಿ ಕ್ರಿಶ್ಚಿಯನ್ ಅದನ್ನು ನುಡಿಸಿ ಜಾಜ್ ಸಂಗೀತದಲ್ಲಿ ಗಿಟಾರಿಗೆ ಹೊಸ ಸ್ಥಾನ ತಂದುಕೊಟ್ಟರು. ಸಭಾಂಗಣಗಳು ದೊಡ್ಡದಾದವು, ಆಂಪ್‌ಗಳ ಬಲ ಹೆಚ್ಚಿತು, ಟೊಳ್ಳು ಒಡಲು ಊಳಿಡತೊಡಗಿತು. 1940ರ ಆಸುಪಾಸಿನಲ್ಲಿ ಗಿಟಾರಿಸ್ಟ್ ಲೆಸ್ ಪಾಲ್ ನಾಲ್ಕು ಇಂಚು ಚೌಕದ ಪೈನ್ ಮರದ ದಿಮ್ಮಿಗೆ ತಂತಿ, ಪಿಕಪ್ ಜೋಡಿಸಿದರು. ಗಿಟಾರಿನಂತೆ ಕಾಣಲಿ ಎಂದು ಬೇರೊಂದು ಗಿಟಾರನ್ನು ಸೀಳಿ ಅದರ ಎರಡು ಹೋಳುಗಳನ್ನು ಅಕ್ಕಪಕ್ಕ ಅಂಟಿಸಿದರು. ‘ದಿ ಲಾಗ್’ ಎಂದೇ ಅದು ಹೆಸರಾಯಿತು.

ಆ ವಿಚಾರಕ್ಕೆ ನಯವಾದ ರೂಪ ಸಿಕ್ಕಿದ್ದು 1958ರಲ್ಲಿ, ಟೆಡ್ ಮೆಕಾರ್ಟಿ ಗಿಬ್ಸನ್‌ನ ಅಧ್ಯಕ್ಷರಾಗಿದ್ದಾಗ ಬಂದ ಅರೆ ಟೊಳ್ಳು ಗಿಟಾರ್ ಇಎಸ್-335ರಲ್ಲಿ. ಅದರ ಎಫ್ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಒಳಬದಿಗೆ ಗೋಡೆಯಂತೆ ನಿಂತ ಮರ ಕಾಣುತ್ತದೆ. ಕತ್ತಿನ ಬುಡದಿಂದ ಬಾಲದವರೆಗೆ ಉದ್ದಕ್ಕೂ ಓಡುವ ಮೇಪಲ್ ದಿಮ್ಮಿ ಅದು. ಮುಖದ ಹಲಗೆ ಉಬ್ಬಿಕೊಂಡಿದೆ, ದಿಮ್ಮಿ ಚಪ್ಪಟೆ. ನಡುವಿನ ಸಂದಿಗೆ ಸ್ಪ್ರೂಸ್ ಮರದ ಪಟ್ಟಿಗಳನ್ನು ಕೊಟ್ಟು ಅಂಟಿಸಿರುತ್ತಾರೆ. ಪಿಕಪ್‌ಗಳೂ ಬ್ರಿಡ್ಜಿನ ತಿರುಪುಗಳೂ ದಿಮ್ಮಿಯ ನೇರಕ್ಕೇ ಕೂತಿವೆ. ಎಡ ಬಲದ ರೆಕ್ಕೆಗಳು ಮಾತ್ರ ಟೊಳ್ಳು. ಒಡಲಿನ ದಪ್ಪ ಸುಮಾರು 4.5 ಸೆಂಟಿಮೀಟರ್. ಅದೇ ಕಂಪನಿಯ ಪೂರ್ತಿ ಟೊಳ್ಳಾದ ಇಎಸ್-175 ಇದರ ಹತ್ತಿರ ಹತ್ತಿರ ಎರಡರಷ್ಟು ದಪ್ಪ.

ದಿಮ್ಮಿ ಮಾಡುವ ಕೆಲಸ ಸರಳ. ಭಾರ ಹೆಚ್ಚಾದಷ್ಟೂ ಅದೇ ಶಬ್ದದ ಹೊಡೆತಕ್ಕೆ ಅಲುಗಾಟ ಕಡಿಮೆ. ಬ್ರಿಡ್ಜೂ ಪಿಕಪ್ಪೂ ಕೂತ ಜಾಗವೇ ಗಟ್ಟಿಯಾದ್ದರಿಂದ ಸುತ್ತಿನ ಬಲ ಅಲ್ಲೇ ಕುಗ್ಗುತ್ತದೆ. ರೆಕ್ಕೆಗಳು ಇನ್ನೂ ಉಸಿರಾಡುತ್ತವೆ, ಆದ್ದರಿಂದ ದನಿಯಲ್ಲಿ ಆ ಬಿಸುಪು ಉಳಿಯುತ್ತದೆ. ಹೊರನೋಟಕ್ಕೆ ಇದನ್ನೇ ಹೋಲುವ ಎಪಿಫೋನ್ ಕಸೀನೋ ಗಿಟಾರಿನಲ್ಲಿ ದಿಮ್ಮಿಯೇ ಇಲ್ಲ. ಹೆಚ್ಚು ವಾಲ್ಯೂಮಿನಲ್ಲಿ ನುಡಿಸುವ ಯೋಚನೆಯಿದ್ದು ಗಿಟಾರ್ ಕೊಳ್ಳಲು ಹೊರಟವರು ಕಿಂಡಿಯೊಳಗೆ ಒಮ್ಮೆ ಬೆಳಕು ಬಿಟ್ಟು ನೋಡುವುದು ಒಳ್ಳೆಯದು.

ಎಲ್ಲಿ ನಿಲ್ಲಬೇಕು?

ದಿಮ್ಮಿ ಊಳನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಉಳಿದದ್ದು ನುಡಿಸುವವರ ಕೈಯಲ್ಲಿದೆ, ಮತ್ತು ಕಾಲಿನಲ್ಲಿದೆ.

ಮೊದಲನೆಯದು ದೂರ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ, ಅಂದರೆ ಒತ್ತಡದ ಅಲೆ ಅರ್ಧವಾಗುತ್ತದೆ. ಗೋಡೆಗಳಿರುವ ಸಭಾಂಗಣದಲ್ಲಿ ಅಷ್ಟು ಇಳಿಯದು, ಆದರೂ ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆಂಪ್‌ಗೆ ಗಿಟಾರಿನ ಮುಖ ತೋರಿಸಿ ನಿಲ್ಲುವುದು ಅಪಾಯ. ಆಂಪನ್ನು ಪಕ್ಕಕ್ಕಿಟ್ಟುಕೊಂಡು, ನಿಮ್ಮ ಮೈಯೇ ಅಡ್ಡ ಬರುವಂತೆ ನಿಂತರೆ ಮೇಲಿನ ಸ್ವರಗಳ ಅಲೆಗಳು ಬಹುಮಟ್ಟಿಗೆ ತಡೆಯಲ್ಪಡುತ್ತವೆ. ಮಂದ್ರದ ಅಲೆಗಳು ಉದ್ದವಾದವು, ಮೈಯನ್ನು ಬಳಸಿಕೊಂಡು ಬಂದುಬಿಡುತ್ತವೆ. ಆಂಪನ್ನು ಮರದ ವೇದಿಕೆಯ ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲಿಟ್ಟರೆ ನೆಲದ ಮೂಲಕ ಹರಿಯುವ ಮಂದ್ರದ ಕಂಪನವಾದರೂ ಕಡಿಮೆಯಾಗುತ್ತದೆ.

ಎರಡನೆಯದು ತಾಳ ತಪ್ಪಿಸುವುದು. ಗಿಟಾರಿನ ಐದನೇ ತಂತಿಯನ್ನು ಬಿಡಿಯಾಗಿ ಮೀಟಿದರೆ 110 ಹರ್ಟ್ಸ್. ಗಾಳಿಯಲ್ಲಿ ಅದರ ತರಂಗದೂರ ಸುಮಾರು 3.1 ಮೀಟರ್. ಅದರ ಅರ್ಧದಷ್ಟು, ಅಂದರೆ ಒಂದೂವರೆ ಮೀಟರ್, ಹಿಂದಕ್ಕೋ ಮುಂದಕ್ಕೋ ಸರಿದರೆ ತಂತಿಯನ್ನು ತಳ್ಳುತ್ತಿದ್ದ ಅಲೆಯೇ ಅದನ್ನು ತಡೆಯತೊಡಗುತ್ತದೆ. 440 ಹರ್ಟ್ಸ್‌ನ ಸ್ವರಕ್ಕಾದರೆ 40 ಸೆಂಟಿಮೀಟರ್ ಸಾಕು. ಅನುಭವಿ ಗಿಟಾರಿಸ್ಟುಗಳು ಊಳು ಶುರುವಾದ ಕೂಡಲೇ ಎರಡು ಹೆಜ್ಜೆ ಸರಿಯುವುದರ, ಸ್ವಲ್ಪ ತಿರುಗಿ ನಿಲ್ಲುವುದರ ಹಿಂದೆ ಈ ಲೆಕ್ಕವಿದೆ. ಕೆಲವು ಪ್ರಿಆಂಪ್‌ಗಳಲ್ಲಿ ‘ಫೇಸ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ನಿಂತಲ್ಲೇ ಅಲೆ ತಿರುವುಮುರುವಾಗುತ್ತದೆ. ಒಂದು ಸ್ವರದ ಊಳು ನಿಲ್ಲುವಾಗ ಇನ್ನೊಂದು ಸ್ವರದ್ದು ಏಳಲೂಬಹುದು. ಪ್ರತಿ ವೇದಿಕೆಯಲ್ಲಿ ಎರಡೂ ಕಡೆ ಒತ್ತಿ ನೋಡಿಯೇ ನಿರ್ಧರಿಸಬೇಕು.

ಮೂರನೆಯದು ಗೇನ್, ಅಂದರೆ ಸಂಕೇತವನ್ನು ಎಷ್ಟು ದೊಡ್ಡದು ಮಾಡುತ್ತೇವೆ ಎಂಬುದು. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಡ್ರೈವ್ ಪೆಡಲ್ಲಾಗಲಿ ಕಂಪ್ರೆಸರ್ ಆಗಲಿ ದೊಡ್ಡ ಸಂಕೇತವನ್ನು ಅದುಮಿ ಸಣ್ಣದನ್ನು ಎತ್ತುತ್ತದೆ. ಊಳು ಹುಟ್ಟುವುದು ಸಣ್ಣ ಅಲುಗಾಟದಿಂದ. ಹಾಗಾಗಿ ಸ್ವಚ್ಛವಾದ ದನಿಯಲ್ಲಿ ಜೋರಾಗಿ ನುಡಿಸುವುದಕ್ಕಿಂತ, ಹೆಚ್ಚು ಡ್ರೈವ್ ಇಟ್ಟುಕೊಂಡು ಮೆಲ್ಲಗೆ ನುಡಿಸುವುದೇ ಕೆಲವೊಮ್ಮೆ ಹೆಚ್ಚು ಅಪಾಯದ್ದು. ಮನೆಯಲ್ಲಿ ಹಿಡಿಸಿದ ಡ್ರೈವ್‌ಗಿಂತ ವೇದಿಕೆಯಲ್ಲಿ ಒಂದು ಮಟ್ಟ ಕಡಿಮೆ ಇಟ್ಟುಕೊಳ್ಳಿ. ವಾಲ್ಯೂಮ್ ಹೆಚ್ಚಾದಾಗ ದನಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಹಾಡಿನ ನಡುವೆ ಬಿಡುವು ಸಿಕ್ಕಾಗ ಕಿರುಬೆರಳಿನಿಂದ ಗಿಟಾರಿನ ವಾಲ್ಯೂಮ್ ಗುಬಟು ಇಳಿಸುವುದು, ನುಡಿಸದ ತಂತಿಗಳ ಮೇಲೆ ಅಂಗೈ ಇಡುವುದು ಅಭ್ಯಾಸವಾಗಬೇಕು. ನಾಯ್ಸ್ ಗೇಟ್ ಪೆಡಲ್ ನೆರವಿಗೆ ಬರುವುದು ಇಂಥ ಬಿಡುವಿನಲ್ಲಿ ಮಾತ್ರ. ಸ್ವರ ಎಳೆದು ಹಿಡಿದಾಗ ಅದು ತೆರೆದೇ ಇರುತ್ತದೆ.

ಊಳಿನ ಸ್ವರ ಹಿಡಿಯುವುದು

ಸೌಂಡ್ ಚೆಕ್ ವೇಳೆ ಮಾಡಬಹುದಾದ ಒಂದು ಕೆಲಸ ಮುಂದಿನ ಎರಡು ಗಂಟೆಗಳನ್ನು ಕಾಪಾಡುತ್ತದೆ. ಕಾರ್ಯಕ್ರಮದಲ್ಲಿ ನಿಲ್ಲುವ ಜಾಗದಲ್ಲೇ ನಿಂತು, ತಂತಿಗಳನ್ನು ಮುಟ್ಟದೆ ಬಿಟ್ಟು, ನಿಧಾನವಾಗಿ ವಾಲ್ಯೂಮ್ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಯಾವುದೋ ಒಂದು ಸ್ವರ ತಾನಾಗಿ ಏಳುತ್ತದೆ. ಊಳಿಗೆ ಖಚಿತವಾದ ಶ್ರುತಿ ಇರುವುದರಿಂದ ಟ್ಯೂನರ್ ಅದು ಯಾವ ಸ್ವರವೆಂದು ತೋರಿಸಿಬಿಡುತ್ತದೆ. ಬೇಕಾದ ಸ್ವರವನ್ನಷ್ಟೇ ಏರಿಳಿಸಬಲ್ಲ ಪ್ಯಾರಾಮೆಟ್ರಿಕ್ ಈಕ್ವಲೈಸರಿನಲ್ಲಿ ಅದೇ ಹರ್ಟ್ಸ್ ಆರಿಸಿ, ಪಟ್ಟಿಯನ್ನು ಆದಷ್ಟು ಕಿರಿದು ಮಾಡಿ, ಊಳು ನಿಲ್ಲುವಷ್ಟು ಮಾತ್ರ ಇಳಿಸಿ. ಮತ್ತೆ ವಾಲ್ಯೂಮ್ ಏರಿಸಿದರೆ ಎರಡನೇ ಸ್ವರ ಏಳುತ್ತದೆ, ಅದನ್ನೂ ಹಾಗೆಯೇ ಇಳಿಸಬಹುದು. ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಹೀಗೆ ಕತ್ತರಿಸುತ್ತಾ ಹೋದಷ್ಟೂ ಸಿಗುವ ಲಾಭ ಚಿಕ್ಕದಾಗುತ್ತದೆ, ಗಿಟಾರಿನ ದನಿ ಬಡವಾಗುತ್ತದೆ.

ಇಷ್ಟಾದರೂ ಊಳು ನಿಲ್ಲದಿದ್ದರೆ ಕಿಂಡಿಗಳ ಕಡೆಗೆ ಬರಬೇಕು. ಟೊಳ್ಳಿನೊಳಗಿನ ಗಾಳಿಗೂ ತನ್ನದೇ ಆದ ಒಂದು ಸ್ವರವಿದೆ. ಹೊರಗಿನ ಶಬ್ದ ಆ ಸ್ವರ ಮುಟ್ಟಿದಾಗ ಗಾಳಿ ಕಿಂಡಿಯಲ್ಲಿ ಒಳಗೂ ಹೊರಗೂ ಓಡಾಡಿ ಹಲಗೆಯನ್ನು ಕುಣಿಸುತ್ತದೆ. ಎಫ್ ಕಿಂಡಿಯ ಆಕಾರಕ್ಕೆ ಕತ್ತರಿಸಿದ ಫೋಮ್ ಅಥವಾ ರಬ್ಬರ್ ಮುಚ್ಚಳ ಆ ಓಡಾಟವನ್ನು ತಡೆಯುತ್ತದೆ. ಒಳಗೆ ಸಡಿಲವಾಗಿ ತುಂಬಿದ ಫೋಮ್ ಅಲೆಯನ್ನೇ ಹೀರಿಕೊಳ್ಳುತ್ತದೆ. ಬೇಡವೆನಿಸಿದಾಗ ಹೊರಗೆಳೆಯಲು ಬರುವಂತೆ, ಒಳಗಿನ ವೈರುಗಳಿಗೆ ಒತ್ತದಂತೆ ಇಡಬೇಕು. ಗ್ರೆಚ್ ಕಂಪನಿ ಗಿಟಾರಿಸ್ಟ್ ಚೆಟ್ ಅಟ್ಕಿನ್ಸ್ ಅವರಿಗೆಂದು ಮಾಡಿದ ‘ಕಂಟ್ರಿ ಜಂಟಲ್‌ಮನ್’ ಗಿಟಾರಿನಲ್ಲಿ ಹಲಗೆ ಮುಚ್ಚಿಯೇ ಇತ್ತು, ಕಿಂಡಿಗಳು ತೋರಿಕೆಗಷ್ಟೇ.

ಊಳಿನ ಜೊತೆಗೆ ಇನ್ನೊಂದು ಜಾತಿಯ ಸದ್ದಿದೆ, ಸಣ್ಣ ದನಿಯ ಚೀರು. ಎರಡನ್ನೂ ಬೇರೆ ಮಾಡಿ ತಿಳಿಯಲು ಆರೂ ತಂತಿಗಳ ಮೇಲೆ ಅಂಗೈ ಊರಿ. ಸದ್ದು ಅಡಗಿದರೆ ತಂತಿಯದ್ದು. ತಂತಿ ಹಿಡಿದಮೇಲೂ ಕಿವಿ ಕೊರೆಯುವ ಚೀರು ಮುಂದುವರಿದರೆ ಪಿಕಪ್ಪಿನೊಳಗಿನ ತಾಮ್ರದ ಸುತ್ತುಗಳೋ, ಅದರ ಲೋಹದ ಹೊದಿಕೆಯೋ ಸಡಿಲವಾಗಿ ಅದುರುತ್ತಿವೆ. ಈಕ್ವಲೈಸರಿನಿಂದ ಇದಕ್ಕೆ ಒಳ್ಳೆಯ ಪರಿಹಾರವಿಲ್ಲ. ಕರಗಿಸಿದ ಮೇಣದಲ್ಲಿ ಪಿಕಪ್ಪನ್ನು ಅದ್ದಿ ಸುತ್ತುಗಳ ನಡುವಿನ ಸಂದಿ ತುಂಬಬೇಕು. ಮೇಣದ ಬಿಸಿ ಹೆಚ್ಚಾದರೆ ಒಳಗಿನ ಪ್ಲಾಸ್ಟಿಕ್ ಬಾಗುವುದರಿಂದ ಇದು ಅನುಭವಸ್ಥರ ಕೈಯಲ್ಲೇ ಆಗಬೇಕಾದ ಕೆಲಸ.

ಶತ್ರುವಲ್ಲ

ಫೀಡ್‌ಬ್ಯಾಕನ್ನು ಬೇಕೆಂದೇ ಬರಿಸಿಕೊಂಡವರೂ ಇದ್ದಾರೆ. 1964ರಲ್ಲಿ ಬೀಟಲ್ಸ್ ತಂಡ ‘ಐ ಫೀಲ್ ಫೈನ್’ ಹಾಡನ್ನು ಆರಂಭಿಸಿದ್ದೇ ಅದರಿಂದ. ಅಲ್ಲಿಂದ ಮುಂದೆ ಜಿಮಿ ಹೆಂಡ್ರಿಕ್ಸ್ ಅದನ್ನು ಸಂಗೀತದ ಭಾಷೆಯನ್ನಾಗಿಯೇ ಮಾಡಿದರು. ಅರೆ ಟೊಳ್ಳು ಗಿಟಾರಿನಲ್ಲಿ ಎಳೆದು ಹಿಡಿದ ಸ್ವರ ಸಾಯದೆ ನಿಲ್ಲುವುದು, ನಿಂತು ಮೆಲ್ಲಗೆ ಅರಳುವುದು ಇದೇ ಸುತ್ತಿನ ಕೊಡುಗೆ. ಹೆಚ್ಚು ಫೋಮ್ ತುಂಬಿ, ಹೆಚ್ಚು ಸ್ವರ ಕತ್ತರಿಸಿ ಆ ಗುಣವನ್ನೇ ಕಳೆದುಕೊಂಡರೆ ಗಟ್ಟಿ ಮರದ ಗಿಟಾರನ್ನೇ ಕೊಳ್ಳಬಹುದಿತ್ತು. ಆದ್ದರಿಂದ ಕ್ರಮ ಮುಖ್ಯ: ಮೊದಲು ನಿಲ್ಲುವ ಜಾಗ, ಆಮೇಲೆ ಗೇನ್, ಆಮೇಲೆ ಒಂದೆರಡು ಸ್ವರದ ಕಡಿತ, ಕೊನೆಯಲ್ಲಿ ಫೋಮ್. ದನಿಗೆ ಏನೂ ಕೆಡುಕು ಮಾಡದ ಉಪಾಯ ಮೊದಲು ಬರಲಿ.

ಈ ತಿಳಿವಳಿಕೆ ಗಿಟಾರಿಸ್ಟುಗಳಿಗೆ ಮಾತ್ರ ಬೇಕಾದದ್ದಲ್ಲ. ವೀಣೆಯ ಹಲಸಿನ ಕೊಡವೂ ಟೊಳ್ಳೇ. ಅದರ ಮೇಲೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿ ಕಲಾವಿದರಿಗೆ ಕೇಳಿಸಲೆಂದು ಇಡುವ ಮಾನಿಟರ್ ಸ್ಪೀಕರನ್ನು ಎದುರಿಗಿಟ್ಟರೆ ಇದೇ ಸುತ್ತು, ಇದೇ ಊಳು. ಆಗ ಮೈಕ್‌ನವರು ಒಟ್ಟು ವಾಲ್ಯೂಮ್ ಇಳಿಸಿಬಿಟ್ಟರೆ ಹಿಂದಿನ ಸಾಲಿನವರಿಗೆ ವೀಣೆಯ ಗಮಕವೇ ಕೇಳಿಸದೆ ಹೋಗುತ್ತದೆ. ಮಾನಿಟರನ್ನು ಪಕ್ಕಕ್ಕೆ ತಿರುಗಿಸಿ, ಊಳಿನ ಆ ಒಂದು ಸ್ವರವನ್ನಷ್ಟೇ ತಗ್ಗಿಸಿದರೆ ಗಮಕವೂ ಉಳಿಯುತ್ತದೆ, ಮೌನವೂ ಉಳಿಯುತ್ತದೆ. ಕಛೇರಿ ಏರ್ಪಡಿಸುವವರು ಕಲಾವಿದರಿಗೂ ಮೈಕ್‌ನವರಿಗೂ ಸೌಂಡ್ ಚೆಕ್‌ಗೆಂದು ಅರ್ಧ ಗಂಟೆ ಬಿಟ್ಟುಕೊಟ್ಟರೆ ಇಷ್ಟೂ ಕೆಲಸ ಅದರಲ್ಲೇ ಮುಗಿಯುತ್ತದೆ.