ಒಬೈದ್ ಸಿದ್ದಿಕಿಯವರ ಪ್ರಬಂಧಗಳು ಮತ್ತು ಉಲ್ಲೇಖಗಳ ಲೆಕ್ಕ

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿ (1932–2013) ಮೊದಲು ಬೂಷ್ಟಿನ ತಳಿವಿಜ್ಞಾನ, ಆಮೇಲೆ ಬ್ಯಾಕ್ಟೀರಿಯಾ, ಕೊನೆಗೆ ಹಣ್ಣುನೊಣದ ನರಮಂಡಲ ಎಂದು ಮೂರು ಬಗೆಯ ಜೀವಿಗಳ ಮೇಲೆ ಕೆಲಸ ಮಾಡಿದರು. ಹೀಗೆ ಕ್ಷೇತ್ರ ಬದಲಿಸಿದವರ ಪ್ರಬಂಧಗಳ ಪಟ್ಟಿಯನ್ನು ಉಲ್ಲೇಖಗಳ ಸಂಖ್ಯೆಯಿಂದ ಅಳೆಯುವುದು ಸುಲಭವಲ್ಲ.

ಒಂದು ಪ್ರಬಂಧವನ್ನು ಇನ್ನೊಂದು ಪ್ರಬಂಧ ತನ್ನ ಆಕರಪಟ್ಟಿಯಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಇವನ್ನೆಲ್ಲ ಒಂದೆಡೆ ಸೇರಿಸುವ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಹೊರತಂದರು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಎಚ್-ಇಂಡೆಕ್ಸ್ ಎಂಬ ಅಳತೆಗೋಲು ಕೊಟ್ಟರು: ತಲಾ 20 ಸಲವಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಆ ವಿಜ್ಞಾನಿಯ ಅಂಕ 20. ಪತ್ರಿಕೆಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಬೇರೆ. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬುದಷ್ಟೇ ಅದರ ಲೆಕ್ಕ.

ಸಿದ್ದಿಕಿ ಗ್ಲಾಸ್ಗೋದಲ್ಲಿ ಗೈಡೊ ಪಾಂಟೆಕೊರ್ವೊ ಅವರ ಬಳಿ ಡಾಕ್ಟರೇಟ್ ಮುಗಿಸಿ ಅಮೆರಿಕಕ್ಕೆ ಹೋದರು. ಅಲ್ಲಿ ಅಲನ್ ಗಾರನ್ ಜೊತೆ ಬರೆದ ಪ್ರಬಂಧ 1962ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾದ ಒಂದು ಜೀನ್ ಕೆಟ್ಟು ಅದರ ಕಿಣ್ವ ತಯಾರಾಗದೆ ಹೋದಾಗ, ಬೇರೆಲ್ಲೋ ಆದ ಇನ್ನೊಂದು ಬದಲಾವಣೆ ಆ ಕಿಣ್ವವನ್ನು ಮರಳಿ ತರಬಲ್ಲದು ಎಂದು ಅದು ತೋರಿಸಿತು. ಪ್ರೋಟೀನ್ ಎಲ್ಲಿ ಮುಗಿಯಬೇಕು ಎಂದು ಹೇಳುವ ‘ಪೂರ್ಣವಿರಾಮ’ದ ಸಂಕೇತಗಳು ಜೀನ್‌ನಲ್ಲಿವೆ ಎಂಬ ತಿಳಿವಳಿಕೆಗೆ ಇಂಥ ಕೆಲಸವೇ ದಾರಿ ಮಾಡಿತು. ಇಂದು ಆ ಸಂಕೇತಗಳು ಪಿಯುಸಿ ಪಠ್ಯದಲ್ಲೇ ಇವೆ. ಅವನ್ನು ಬರೆಯುವವರು 1962ರ ಪ್ರಬಂಧವನ್ನು ಹೆಸರಿಸುವ ಗೋಜಿಗೆ ಹೋಗುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ ವಿದ್ಯಮಾನವಿದು: ಅರಿವು ಎಲ್ಲರ ಸೊತ್ತಾದಂತೆ ಅದರ ಮೂಲದ ಹೆಸರು ಅಳಿಸಿಹೋಗುತ್ತದೆ. ಅತ್ಯಂತ ಯಶಸ್ವಿ ಪ್ರಬಂಧಕ್ಕೇ ಎಣಿಕೆಯಲ್ಲಿ ನಷ್ಟ.

ಅದೇ 1962ರಲ್ಲಿ, ಹೋಮಿ ಭಾಭಾ ಅವರ ಕರೆಯ ಮೇಲೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಸಿದ್ದಿಕಿ ಅಣುಜೀವಶಾಸ್ತ್ರ ವಿಭಾಗ ಆರಂಭಿಸಿದರು. ಮುಂದೆ ಸೀಮೋರ್ ಬೆಂಜರ್ ಜೊತೆ ಸೇರಿ, ತಾಪ ಏರಿದರೆ ಕೈಕಾಲು ಆಡದೆ ಬೀಳುವ ಹಣ್ಣುನೊಣಗಳನ್ನು ಪರೀಕ್ಷಿಸಿದರು. ತಂಪಾದರೆ ಅವು ಮತ್ತೆ ಎದ್ದು ನಡೆಯುತ್ತವೆ. ನರಗಳಲ್ಲಿ ಸಂಕೇತ ಎಲ್ಲಿ ಕಡಿದುಹೋಗುತ್ತದೆ ಎಂದು ಹುಡುಕಿದ ಆ ಪ್ರಬಂಧ ಬಂದದ್ದು 1976ರಲ್ಲಿ. ಅದರಲ್ಲಿದ್ದ ‘ಕೊಮಟೋಸ್’ ಎಂಬ ತಳಿಯಲ್ಲಿ ಕೆಟ್ಟಿದ್ದು ಯಾವ ಜೀನ್ ಎಂಬುದು ಬೇರೆಯವರ ಕೆಲಸದಿಂದ ತಿಳಿದದ್ದು 1995ರಲ್ಲಿ. ಅದು ಎನ್‌ಎಸ್‌ಎಫ್ ಎಂಬ ಪ್ರೋಟೀನ್‌ನ ಜೀನ್. ಕೋಶದೊಳಗಿನ ಸಾಗಣೆಯಲ್ಲಿ ಅದೇ ಪ್ರೋಟೀನ್‌ನ ಪಾತ್ರವನ್ನು ಬಿಡಿಸಿಟ್ಟ ಜೇಮ್ಸ್ ರಾತ್‌ಮನ್ 2013ರ ನೊಬೆಲ್ ಹಂಚಿಕೊಂಡರು. ಎರಡು ವರ್ಷದ ಕಿಟಕಿಯಲ್ಲಿ ಇಣುಕುವ ಲೆಕ್ಕಕ್ಕೆ 19 ವರ್ಷದ ಬಳಿಕ ಬಂದ ಈ ಫಲ ಕಾಣುವುದೇ ಇಲ್ಲ.

ಬೆಂಗಳೂರಿನ ನಂಟು ಗಟ್ಟಿಯಾಗಿರುವುದು ಮೂರನೆಯ ಪ್ರಬಂಧದಲ್ಲಿ. ರುಚಿ, ವಾಸನೆ ತಿಳಿಯದ ನೊಣಗಳನ್ನು ಬೇರ್ಪಡಿಸಿ, ದೋಷವಿರುವ ಜೀನ್‌ಗಳನ್ನು ಗುರುತಿಸುವ ಬಗೆಯನ್ನು ಸಿದ್ದಿಕಿ ತಮ್ಮ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗಸ್ ಜೊತೆ ಬರೆದು, 1978ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗೆ ಕೊಟ್ಟರು. ಅದು ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಕಾಡೆಮಿ. ಹೊರದೇಶದ ಹೆಸರಾಂತ ಪತ್ರಿಕೆ ಅಲ್ಲದಿದ್ದರೂ ಘ್ರಾಣ ಮತ್ತು ರುಚಿಯ ಸಂಶೋಧಕರು ಆ ಬರಹವನ್ನು ಹುಡುಕಿ ಓದಿದರು, ಇಂದಿಗೂ ಉಲ್ಲೇಖಿಸುತ್ತಾರೆ. 1981ರಲ್ಲಿ ಇಬ್ಬರೂ ಕೆಲವು ಸಕ್ಕರೆಗಳ ಸವಿ ಮಾತ್ರ ತಿಳಿಯದ ನೊಣವನ್ನು ವಿವರಿಸಿದರು. ನೊಣದ ವಾಸನೆಯ ಗ್ರಾಹಕ ಜೀನ್‌ಗಳು ಬೇರೆ ಪ್ರಯೋಗಾಲಯಗಳಲ್ಲಿ ಪತ್ತೆಯಾದದ್ದು 1999ರಲ್ಲಿ.

1990ರ ದಶಕದ ಆರಂಭದಲ್ಲಿ ಸಿದ್ದಿಕಿ ಬೆಂಗಳೂರಿನಲ್ಲಿ ಹೊಸ ಕೇಂದ್ರವನ್ನು ಕಟ್ಟತೊಡಗಿದರು. ಈಗ ಅದು ಜಿಕೆವಿಕೆ ಆವರಣದಲ್ಲಿದೆ. ರಾಡ್ರಿಗಸ್ ಇಲ್ಲಿಗೆ ಬಂದರು. ಸಿದ್ದಿಕಿಯವರ ಇನ್ನೊಬ್ಬ ವಿದ್ಯಾರ್ಥಿ ಕೆ. ವಿಜಯರಾಘವನ್ ನಿರ್ದೇಶಕರಾದರು. ಈ ಶಿಷ್ಯರು ಸ್ವತಂತ್ರವಾಗಿ ಪ್ರಕಟಿಸಿದ್ದಕ್ಕೆ ಬರುವ ಉಲ್ಲೇಖಗಳು ಗುರುವಿನ ಖಾತೆಗೆ ಸೇರುವುದಿಲ್ಲ. 1978ರ ಆ ಪ್ರಬಂಧ ಅಕಾಡೆಮಿಯ ಜಾಲತಾಣದಲ್ಲಿದೆ, ಬೇಕಾದವರು ಹಣ ಕೊಡದೆ ಓದಬಹುದು.