ಆಯವ್ಯಯದಲ್ಲಿ ರೈತಸ್ತ್ರೀಯರ ಪಾಲು

ಸರ್ಕಾರದವರು ವರ್ಷಂಪ್ರತಿ ಆಯವ್ಯಯದ ಪಟ್ಟಿಯನ್ನು ಸಿದ್ಧಪಡಿಸುವ ಸಂಗತಿಯು ಗ್ರಾಮ ಪ್ರಮುಖರಿಗೂ ಭೂಮಾಲೀಕರಿಗೂ ವಿದಿತವಾಗಿಯೇ ಇರುವುದು. ಯಾವ ಬಾಬಿಗೆ ಎಷ್ಟು ಹಣವೆಂಬುದನ್ನು ನಾವೆಲ್ಲರೂ ವಿಚಾರಿಸುತ್ತೇವೆ. ಆ ಹಣವು ಕಡೆಗೆ ಯಾರಿಗೆ ಪ್ರಯೋಜನವಾಯಿತೆಂದು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಸರ್ಕಾರದ ಲೆಕ್ಕಕ್ಕೇ ತರುವ ಕ್ರಮವು 1984ರಲ್ಲಿ ಆಸ್ಟ್ರೇಲಿಯಾ ದೇಶದಲ್ಲಿ ಪ್ರಾರಂಭವಾಯಿತು. ಭಾರತ ಸರ್ಕಾರದವರು 2005-06ನೆಯ ಸಾಲಿನಿಂದ ಆಯವ್ಯಯದೊಡನೆ ಇದಕ್ಕಾಗಿ ಪ್ರತ್ಯೇಕ ತಖ್ತೆಯನ್ನು ಪ್ರಕಟಿಸುತ್ತ ಬಂದಿದ್ದಾರೆ. ಕರ್ನಾಟಕದಲ್ಲಿಯೂ ಮಹಿಳಾ ಉದ್ದೇಶಿತ ಆಯವ್ಯಯವೆಂಬ ದಸ್ತಾವೇಜುಂಟು.

ಕೇಂದ್ರದ ತಖ್ತೆಯ ಮೊದಲನೆಯ ಭಾಗದಲ್ಲಿ ಪೂರ್ಣವಾಗಿ ಸ್ತ್ರೀಯರಿಗೇ ಮೀಸಲಾದ ಬಾಬುಗಳೂ, ಎರಡನೆಯದರಲ್ಲಿ ನೂರಕ್ಕೆ 30ರಿಂದ 99ರಷ್ಟು ಅವರಿಗೆ ಸಲ್ಲತಕ್ಕ ಬಾಬುಗಳೂ ಇರುವುವು. 30ಕ್ಕಿಂತ ಕಡಮೆಯಾದವುಗಳಿಗೆ 2024-25ರಲ್ಲಿ ಮೂರನೆಯ ಭಾಗವನ್ನು ಕೂಡಿಸಿದರು. ಮೊದಲನೆಯದನ್ನು ಪರೀಕ್ಷಿಸುವುದು ಸುಲಭ. ಎರಡನೆಯದರಲ್ಲಿ 30 ಎಂದು ಬರೆದ ಮಾತ್ರಕ್ಕೆ 30 ಸಂದಿತೆಂದು ಹೇಳಲಾಗದು. ಊರಿನಲ್ಲಿ ಎಣಿಸಿದವರಿದ್ದರೆ ಮಾತ್ರ ಅದು ನಿಜವಾದ ಲೆಕ್ಕ.

ಇದಕ್ಕೆ ನನ್ನ ತಪ್ಪನ್ನೇ ಉದಾಹರಣೆಯಾಗಿ ಕೊಡುವೆನು. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಮುಂಗಾರಿಗೆ ಮುಂಚೆ ರಾಗಿಯ ಬೀಜೋಪಚಾರವನ್ನು ತೋರಿಸಿಕೊಟ್ಟೆನು. ಬೆಳಿಗ್ಗೆ 11 ಘಂಟೆಗೆ ಚಾವಡಿಯ ಮುಂದೆ ಯಜಮಾನರೆಲ್ಲರೂ ನೆರೆದಿದ್ದರು. ಸ್ತ್ರೀಯರು ಒಬ್ಬರೂ ಇರಲಿಲ್ಲ. ಔಷಧಿಯನ್ನು ಹಂಚಿ, ರೈತರಿಗೆ ಶಿಕ್ಷಣ ಕೊಟ್ಟುದಾಗಿ ರಿಜಿಸ್ಟರಿನಲ್ಲಿ ಬರೆದು ರುಜು ಮಾಡಿದೆನು. ಬಿತ್ತನೆಯಾದ ಮೇಲೆ ಹೋಗಿ ನೋಡಲು, ಬಹಳ ಮನೆಗಳಲ್ಲಿ ಪೊಟ್ಟಣಗಳು ಒಡೆಯದೆ ಗೂಡಿನಲ್ಲಿಯೇ ಇದ್ದುವು. ಬೀಜವನ್ನು ಆರಿಸಿ, ಬೂದಿ ಬೆರಸಿ, ಮಡಕೆಯಲ್ಲಿ ಕಾಪಾಡಿ, ಬಿತ್ತುವ ದಿನ ಹೊರಗೆ ತೆಗೆಯುವವರು ಮನೆಯ ಹೆಂಗಸರು. ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಒಂದು ಮನೆಯ ವೃದ್ಧೆಯು, “ನಮ್ಮನ್ನು ಕೇಳಿದ್ದರೆ ಸಾಯಂಕಾಲ ಬರುತ್ತಿದ್ದೆವು, ಸ್ವಾಮಿ” ಎಂದಳು. ಹಣವೇನೋ ಪೂರ್ತಿ ಖರ್ಚಾಗಿತ್ತು.

ಕೃಷಿ ವಿಸ್ತರಣೆಯ ಆತ್ಮ ಯೋಜನೆಯ ನಿಯಮದಂತೆ ನೂರಕ್ಕೆ 30ಕ್ಕೆ ಕಡಮೆಯಾಗದಷ್ಟು ಹಣವನ್ನು ರೈತಸ್ತ್ರೀಯರಿಗಾಗಿ ವಿನಿಯೋಗಿಸತಕ್ಕದ್ದು. ಸಭೆಯ ವೇಳೆಯನ್ನು ಬದಲಾಯಿಸದೆ ಈ ನಿಯಮವು ನಡೆಯುವಂತಿಲ್ಲ. ನಾಟಿ ಮತ್ತು ಕಳೆಯ ಕಾಲದಲ್ಲಿ ಹಗಲು ಕರೆದರೆ ಕೂಲಿಯ ಹೆಂಗಸು ಅಂದಿನ ಕೂಲಿಯನ್ನು ಬಿಟ್ಟು ಬರಬೇಕಾಗುವುದು.

ಗಂಡಸರ ಪಾಲನ್ನು ಕಿತ್ತು ಹೆಂಗಸರಿಗೆ ಕೊಡುವ ಉಪಾಯವಿದೆಂದು ಕೆಲವರು ಭಾವಿಸುವರು. ಹಾಗಲ್ಲ. ಕೀಟನಾಶಕವನ್ನು ಸಿಂಪಡಿಸುವವರು ನಮ್ಮಲ್ಲಿ ಹೆಚ್ಚಾಗಿ ಗಂಡಸರು. ಕೈಗವಸು, ಮುಖವಸ್ತ್ರಗಳಿಗೆ ಖರ್ಚು ಮಾಡಬೇಕಾದುದು ಅವರಿಗಾಗಿ. ಯಾವ ಕೆಲಸವನ್ನು ಯಾರು ಮಾಡುವರೆಂದು ತಿಳಿದು ಹಣ ಹಾಕಬೇಕೆಂಬುದೇ ತಾತ್ಪರ್ಯ. ಕಳೆ ತೆಗೆಯುವುದಕ್ಕೆ ಹಗುರವಾದ ಸಾಧನವನ್ನು ಕೊಳ್ಳುವಾಗಲೂ ಅದನ್ನು ಹಿಡಿಯುವವರ ಕೈಗೆ ಕೊಟ್ಟು ನೋಡಿ ಕೊಳ್ಳುವುದು ಮೇಲು.

ಇನ್ನು ಮುಖ್ಯವಾದ ತೊಡಕು ಪಹಣಿಯದು. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಸ್ತ್ರೀಯರು ನೂರಕ್ಕೆ ಸುಮಾರು 14 ಮಾತ್ರ. ಹೊಲದಲ್ಲಿ ದುಡಿಯುವ ಹೆಂಗಸರೆಷ್ಟೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಭೂಮಿಯ ಹೆಸರಿನ ಮೇಲೆ ಹಂಚುವ ಧನಸಹಾಯವೆಲ್ಲವೂ ಖಾತೆಯ ದಾರಿಯನ್ನೇ ಹಿಡಿಯುವುದು. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನದ ವಾರ್ಷಿಕ 6000 ರೂಪಾಯಿಯೂ ಹೀಗೆಯೇ. ಗಂಡನನ್ನು ಕಳೆದುಕೊಂಡು ತಾನೇ ಆಳುಗಳನ್ನು ಕಟ್ಟಿಕೊಂಡು ಬೇಸಾಯ ಮಾಡಿಸುವವಳು, ಖಾತೆಯು ಮೃತನ ಹೆಸರಿನಲ್ಲಿಯೇ ಉಳಿದಿದ್ದರೆ, ಕಛೇರಿಯ ಕಣ್ಣಿಗೆ ರೈತಳೇ ಅಲ್ಲ.

ಹಿಂದೂ ಉತ್ತರಾಧಿಕಾರದ 1956ರ ಕಾಯಿದೆಯಂತೆ ವಿಧವೆಯೂ ವಾರಸುದಾರಳು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲನ್ನು ಕರ್ನಾಟಕವು 1994ರ ತಿದ್ದುಪಡಿಯಿಂದಲೂ, ಕೇಂದ್ರವು 2005ರ ತಿದ್ದುಪಡಿಯಿಂದಲೂ ಕೊಟ್ಟಿರುವುವು. ಆದರೂ ಪೌತಿ ಖಾತೆಯ ಅರ್ಜಿಯನ್ನು ಬರೆಯುವಾಗ ಗಂಡುಮಕ್ಕಳ ಹೆಸರುಗಳನ್ನು ಮಾತ್ರ ಬರೆಯುವ ರೂಢಿಯು ಹೋಗಿಲ್ಲ. ವಂಶವೃಕ್ಷವನ್ನು ಸಿದ್ಧಪಡಿಸುವ ಹೊತ್ತಿನಲ್ಲಿ ಗ್ರಾಮ ಪ್ರಮುಖರ ಮಾತಿಗೆ ಬೆಲೆಯುಂಟು. ಬಿಟ್ಟುಹೋದ ಹೆಸರುಗಳನ್ನು ಆಗಲೇ ಕೂಡಿಸುವುದಕ್ಕೆ ಖರ್ಚಿಲ್ಲ. ಬಳಿಕ ನ್ಯಾಯಸ್ಥಾನಕ್ಕೆ ಹೋದರೆ ಉಭಯರಿಗೂ ನಷ್ಟ.

ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದಿಸುವಾಗ, ಸ್ತ್ರೀಯರೆಷ್ಟು, ಪುರುಷರೆಷ್ಟು ಎಂದು ಎರಡು ಅಂಕಣಗಳನ್ನು ಹಾಕಿಸಿ, ಸಾಧನವು ಯಾರ ಉಪಯೋಗದಲ್ಲಿದೆಯೆಂದು ಮೂರನೆಯದನ್ನೂ ಸೇರಿಸಬೇಕಾಗಿ ಪ್ರಾರ್ಥಿಸುತ್ತೇನೆ. ನನ್ನ ಸರ್ಕಲ್ಲಿನಲ್ಲಿ ಬೀಜೋಪಚಾರದ ಸಭೆಗಳು ಈಗ ಸಂಜೆ 6 ಘಂಟೆಗೆ ನಡೆಯುತ್ತಿವೆ.